ಬದುಕಿದವನಿಗೆ ಅತ್ತದ್ದು

ಇಂದು ಬೆಳಿಗ್ಗೆ ಅಫಜಲಪುರದ ಕಿರಾಣಿ ಅಂಗಡಿಯಲ್ಲಿ ಹೊಸ ನಮೂನೆಯ ಫಿನಾಯಿಲ್ ಮೂಸಿ ನೋಡಿದೆ. ನಿಂಬೆಹುಲ್ಲಿನ ವಾಸನೆ. ನೀವು ನಂಬಲಿಕ್ಕಿಲ್ಲ, ಒಂದು ಕಾಲಕ್ಕೆ ಇದೇ ವಾಸನೆಯಿಂದ ಒಡೆದ ಮನಸ್ಸು ವಾಸಿಯಾಗುತ್ತದೆಂದು ಕಣ್ಣು ಮುಚ್ಚಿ ಕೂತವಳು ನಾನು.

ಮದುವೆಯಾಗಬೇಕಿದ್ದ ಶರಣು ಬಿಟ್ಟುಹೋದ ವರ್ಷವದು. ಕತೆ ಬರೆಯುವ ನಾನು ಒಂದು ಸಾಲೂ ಬರೆಯದೆ, ತಾಟಿನ ಮುಂದೆ ಕೂತರೂ ತುತ್ತೆತ್ತದೆ, ಅವನು ಫೋನ್ ಮಾಡಿಯಾನೆಂದು ಕಾಯುತ್ತಿದ್ದೆ. ನೋಡಲಾರದೆ ಮಾದನಹಿಪ್ಪರಗಾದ ಗೆಳತಿ ಮನಸ್ಸು ಹಗುರ ಮಾಡುವ ಒಂದು ಶಿಬಿರಕ್ಕೆ ನನ್ನ ಹೆಸರು ಬರೆಸಿದಳು. ಕರಜಗಿಯ ಹತ್ತಿರ, ಕಬ್ಬಿನ ಹೊಲದ ನಡುವಿನ ಬಂಗಲೆ. ಶಿಬಿರ ನಡೆಸುವ ಪುಣೆಯ ಮೇಡಂ ಮೊಬೈಲ್ ಇಸಿದುಕೊಂಡು ಬಿಳಿ ಬಟ್ಟೆ ಕೊಟ್ಟರು. ಮಾತಾಡುವಂತಿಲ್ಲ. ಅಡಿಗೆಯಿಲ್ಲ, ಬರೀ ಹಣ್ಣಿನ ರಸ. ಪಡಸಾಲೆಯಲ್ಲಿ ದುಂಡಗೆ ಕೂತು, ನಿಂಬೆಹುಲ್ಲಿನ ಎಣ್ಣೆಯ ವಾಸನೆ ಒಳಗೆಳೆದುಕೊಂಡು ದುಃಖವನ್ನು ಹೊರಗೆ ಬಿಡಬೇಕು. ನಿವೃತ್ತ ಮ್ಯಾನೇಜರರೊಬ್ಬರು ಮೊದಲ ಬೆಳಿಗ್ಗೆಯೇ ಹೊಲಕ್ಕೆಲ್ಲ ಕೇಳುವಂತೆ ಅತ್ತು ಬಹಳಷ್ಟು ಬಿಟ್ಟರು.

ಬಿಳಿ ಬಟ್ಟೆ, ಅಳು, ಹಚ್ಚದ ಒಲೆ. ನಮ್ಮ ಕಡೆ ಇದಕ್ಕೆ ಒಂದೇ ಅರ್ಥ. ಸಾವಾದ ಮನೆಯಲ್ಲಿ ಒಲೆ ಉರಿಯುವುದಿಲ್ಲ, ನೆರೆಯವರೇ ಬುತ್ತಿ ತರುತ್ತಾರೆ. ಮಧ್ಯಾಹ್ನಕ್ಕೆ ಪಕ್ಕದ ಹೊಲದ ಹೆಂಗಸರು ರೊಟ್ಟಿ, ಝುಣಕದ ಗಂಟು ಹೊತ್ತು ಬಂದರು. ಮೌನದಲ್ಲಿದ್ದ ಮೇಡಂ ಬೇಡವೆಂದು ಕೈ ಮುಗಿದರು. ಅವರೂ ಕೈ ಮುಗಿದು ಕೂತರು.

ಮುದುಕಿಯೊಬ್ಬಳು ನನ್ನ ಹೆಗಲು ಹಿಡಿದಳು. "ಯಾರು ಹೋದ್ರಬೇ ತಂಗಿ?"

ನನ್ನ ಮೌನ ಅಲ್ಲಿಗೇ ಮುಗಿಯಿತು. "ಶರಣು."

"ಹ್ಯಾಂಗಿದ್ದ? ಹಾಡ್ಯಾಡಿ ಅಳಾಕ ಒಂದ್ ಗುಣಾ ಹೇಳು."

ಹೋದವರ ಗುಣ ಹಾಡಿ ಅಳುವುದು ಇಲ್ಲಿಯ ರೀತಿ. ಅವನ ಮೇಲೆ ಕತೆಗಳನ್ನೇ ಬರೆದವಳಿಗೆ ಎಷ್ಟು ಹುಡುಕಿದರೂ ಒಂದೇ ಸಿಕ್ಕಿತು. "ಚಹಾ ಚಲೋ ಮಾಡ್ತಿದ್ದರಿ."

"ಚಹಾ ಮಾಡಾಂವ ಎಲ್ಲಿ ಹೋದ್ಯೋ ನನ್ನಪ್ಪಾ, ಬೆಳಗಾದ್ರ ಯಾರು ಎಬ್ಬಸಬೇಕೋ ಶರಣಾ" ಎಂದು ಮುದುಕಿ ರಾಗ ತೆಗೆದಳು. ಅಷ್ಟು ದಿನ ಬಾರದಿದ್ದ ಅಳು ಬಂತು. ಎದೆ ಬಿರಿಯುವಂತೆ ಅತ್ತೆ. ಮ್ಯಾನೇಜರರೂ ದನಿಗೂಡಿಸಿದರು.

"ಏನಾಗಿತ್ತಬೇ ಅವಗ?"

"ಏನೂ ಆಗಿಲ್ರಿ. ಸೊಲ್ಲಾಪುರದಾಗ ಅದಾನ. ಬ್ಯಾರೆಯಾಕಿನ್ನ ಮದುವಿ ಮಾಡ್ಕೊಂಡಾನ."

ರಾಗ ನಿಂತಿತು. "ಬದುಕಿದಾಂವಗ ಅಳಿಸಿದೆಲ್ಲಬೇ ನನ್ನ! ಇನ್ನ ಅವಂದು ಆಯುಷ್ಯ ಗಟ್ಟಿ ಆತು."

ಇದ್ದವನನ್ನು ಸತ್ತನೆಂದರೆ ಆಯುಷ್ಯ ಹೆಚ್ಚುತ್ತದಂತೆ. ಬಿಟ್ಟುಹೋದವನಿಗೆ ಅದನ್ನೂ ನಾನೇ ಕೊಟ್ಟ ಹಾಗಾಯಿತು.

ಮುದುಕಿ ಕಣ್ಣೊರೆಸಿಕೊಂಡು ಗಂಟು ಬಿಚ್ಚಿದಳು. "ಅತ್ತಿದ್ದು ಅತ್ತಾತು. ಒಮ್ಮೆ ಅತ್ತ ಮ್ಯಾಲ ಯಾರರೆ ಹಾದಿ ಕಾಯ್ತಾರೇನು? ಉಣ್ಣು." ಮೊದಲ ತುತ್ತು ಅವಳೇ ನನ್ನ ಬಾಯಿಗಿಟ್ಟಳು. ಆಮೇಲೆ ಎಲ್ಲರೂ ಉಂಡರು. ಮೇಡಂ ಮೌನವಾಗಿ ಉಂಡರು.

ಇಂದು ಅಂಗಡಿಯಿಂದ ಮನೆಗೆ ಬಂದು ಊಟಕ್ಕೆ ಕೂತಾಗ ಮೊಬೈಲ್ ಬಡಿದುಕೊಂಡಿತು. ಶರಣು. ವರ್ಷಗಳ ಮೇಲೆ.

"ಹ್ಯಾಂಗ ಅದಿ?" ಅಂದ. ದನಿ ಗಟ್ಟಿಮುಟ್ಟಾಗಿತ್ತು. ನಾವು ಅತ್ತದ್ದು ವ್ಯರ್ಥವಾಗಿರಲಿಲ್ಲ.

"ಉಣ್ಣಾಕತ್ತೇನಿ," ಅಂದೆ.

ಬರೆಯುವವಳಿಗೆ ಇದಕ್ಕಿಂತ ದೊಡ್ಡ ಮಾತು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಮೊಬೈಲ್ ಬೋರಲು ಹಾಕಿ ಇನ್ನೊಂದು ರೊಟ್ಟಿ ಹಾಕಿಕೊಂಡೆ.