ಗೇಣು ದೂರದ ಖೋ

ನಮ್ಮೂರಿಂದ ನೋಡಿದರೆ ಮಿಡಿಗೇಶಿ ಬೆಟ್ಟದ ಕೋಟೆ ಕಾಣುತ್ತದೆ. ಅದಕ್ಕೆ ಬೆನ್ನು ಹಾಕಿ ನಿಂತರೆ ನಮ್ಮ ಮೈದಾನ. ಅಲ್ಲಿ ಆರು ವರ್ಷದಿಂದ ಸಂಜೆ ಹೊತ್ತು ಹುಡುಗಿಯರಿಗೆ ಖೋ ಖೋ ಕಲಿಸುತ್ತಿದ್ದೇನೆ. ಕ್ಲಬ್ಬು ಅಂತ ಬೋರ್ಡು ಹಾಕಿಕೊಂಡಿದ್ದೇವೆ. ಊರವರ ಬಾಯಲ್ಲಿ ಅದು "ಆಯಮ್ಮನ ಕುಣಿತ". ಅನ್ನಲಿ, ಊರ ಬಾಯಿಗೆ ಬೀಗ ಹಾಕಲಾಗುತ್ತದೆಯೇ.

ನನಗೊಂದು ಜಂಬವಿತ್ತು. ಬಟ್ಟೆ ಬದಲಾಯಿಸುವ ಕೋಣೆಗೆ ಒಳಗಿನಿಂದ ಚಿಲಕ ಹಾಕಿಸಿದವಳು ನಾನು. ಕಾಂಪೌಂಡಿನ ಮೇಲೆ ಕೂತು ಮೊಬೈಲಿನಲ್ಲಿ ಫೋಟೋ ಹೊಡೆಯುತ್ತಿದ್ದ ಗಂಡಸರನ್ನು ಎಬ್ಬಿಸಿ ಕಳಿಸಿದವಳೂ ನಾನೇ. ಕತ್ತಲಾಗುವ ಮೊದಲು ಆಟ ನಿಲ್ಲಬೇಕು, ಯಾರೂ ಒಬ್ಬಳೇ ಮನೆಗೆ ಹೋಗಬಾರದು, ಕರಿಯಮ್ಮ, ಕುಳ್ಳಿ ಅಂತ ಯಾರನ್ನೂ ಕರೆಯಬಾರದು. ಇಷ್ಟನ್ನೂ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ನನ್ನ ಕೈಯಾರೆ ಬರೆದೆ. ಕೊನೆಯ ಸಾಲು: "ಇಲ್ಲಿ ಎಲ್ಲರೂ ಒಂದೇ." ಗೋಡೆಯ ಮೇಲೆ ಬರೆಯುವುದು ಸುಲಭ, ಗೋಡೆ ಎದುರುತ್ತರ ಕೊಡುವುದಿಲ್ಲ.

ಹೋದ ವರ್ಷ ಕಾಲನಿಯಿಂದ ಒಬ್ಬ ಹುಡುಗಿ ಸೇರಿದಳು. ಕಾಲನಿ ಅಂದರೆ ಹಿಂದಿನವರು ಊರಾಚೆ ಇಟ್ಟವರ ಬೀದಿ. ಆ ಬೀದಿಯಿಂದ ನಮ್ಮಲ್ಲಿಗೆ ಬಂದ ಮೊದಲನೆಯವಳು ಇವಳು. ಉಳಿದವರೆಲ್ಲ ನನ್ನನ್ನು ಅಕ್ಕ ಎನ್ನುತ್ತಿದ್ದರು, ಇವಳು ಮಿಸ್ ಎನ್ನುತ್ತಿದ್ದಳು. ಮರ್ಯಾದೆ ಬಲ್ಲ ಹುಡುಗಿ ಅಂದುಕೊಂಡೆ. ಅಭ್ಯಾಸದಲ್ಲಿ ಅವಳು ಓಡಲು ನಿಂತರೆ ಯಾರಿಂದಲೂ ಅವಳನ್ನು ಔಟ್ ಮಾಡಲಾಗುತ್ತಿರಲಿಲ್ಲ. "ಬುಕ್ಕಾಪಟ್ಟಣದ ಕಾಡಿಂದ ತಪ್ಪಿಸ್ಕೊಂಡ್ ಬಂದಿರೋ ಜಿಂಕೆ ಕಣಮ್ಮ ನೀನು" ಎಂದು ಎಲ್ಲರೆದುರು ಹೊಗಳಿದ್ದೆ. ಈಗ ಆ ಹೊಗಳಿಕೆ ನೆನೆದರೆ ನಾಚಿಕೆಯಾಗುತ್ತದೆ.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಓಡುವ ಎದುರಾಳಿಯನ್ನು ಮುಟ್ಟಿದರೆ ಅವಳು ಔಟ್. ಅಟ್ಟಿಸಿಕೊಂಡು ಹೋಗುವವಳು, ಸಾಲಿನಲ್ಲಿ ಕೂತ ತನ್ನ ಜೊತೆಯವಳ ಬೆನ್ನು ಮುಟ್ಟಿ "ಖೋ" ಎನ್ನಬೇಕು. ಕೂತವಳು ಎದ್ದು ಓಡುತ್ತಾಳೆ, ಮುಟ್ಟಿದವಳು ಅವಳ ಚೌಕದಲ್ಲಿ ಕೂರುತ್ತಾಳೆ. ಮುಟ್ಟುವುದು, ಹೇಳುವುದು ಎರಡೂ ಒಟ್ಟಿಗೆ ಆಗಬೇಕು. ಒಂದು ತಪ್ಪಿದರೂ ಫೌಲು.

ಅವಳು ಸೇರಿ ಎರಡು ತಿಂಗಳಾದ ಮೇಲೆ ನನ್ನ ಕಣ್ಣಿಗೆ ಬಿತ್ತು. ನಮ್ಮ ಕ್ಯಾಪ್ಟನ್ ನನ್ನ ಅಣ್ಣನ ಮಗಳೇ. ಅವಳು ಆ ಹುಡುಗಿಯ ಹಿಂದೆ ಬಂದು, ಬೆನ್ನಿಗೆ ಗೇಣು ದೂರದಲ್ಲಿ ಕೈ ಬೀಸಿ "ಖೋ" ಅಂದಳು. ಹುಡುಗಿ ಎದ್ದು ಓಡಿದಳು. ಸ್ವಲ್ಪ ಹೊತ್ತಿಗೆ ಇನ್ನೊಬ್ಬಳೂ ಹಾಗೇ ಮಾಡಿದಳು. ಸೀಟಿ ನನ್ನ ಬಾಯಲ್ಲೇ ಇತ್ತು. ಅವಸರದಲ್ಲಿ ಕೈ ತಾಕಿಲ್ಲ ಅಂದುಕೊಂಡೆ. ಮರುದಿನವೂ ಅಂದುಕೊಂಡೆ. ಅಂದುಕೊಳ್ಳುತ್ತಲೇ ಮಳೆಗಾಲ ಮುಗಿಯಿತು.

ಕೊನೆಗೊಂದು ದಿನ ಮನೆಯಲ್ಲಿ ಅಣ್ಣನ ಮಗಳನ್ನು ಕೇಳಿಯೇಬಿಟ್ಟೆ.

"ಮುಟ್ಟುದ್ರೆ ಅಜ್ಜಿ ಒಳಕ್ಕೆ ಸೇರ್ಸಲ್ಲ ಕಣತ್ತೆ. ನೀರು ಹುಯ್ಕೊಂಡ್ ಬಾ ಅಂತದೆ. ದಿನಾ ತಣ್ಣೀರು ಹುಯ್ಕಣಕಾಯ್ತದಾ?" ಎಂದಳು.

ಅಜ್ಜಿ ಅಂದರೆ ನನ್ನ ಹೆತ್ತ ತಾಯಿ. ನಡುಮನೆಯಲ್ಲಿ ಕಡಲೆಕಾಯಿ ಸುಲಿಯುತ್ತ ಕೂತಿದ್ದರು. ನಮ್ಮ ಮಾತು ಅವರಿಗೆ ಕೇಳಿಸಿತ್ತು. ನನಗೆ ಸಿಟ್ಟು ಬರಬೇಕಿತ್ತು. ಸಣ್ಣಪುಟ್ಟದ್ದಕ್ಕೆಲ್ಲ ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವಳು ನಾನು. ಬರಲಿಲ್ಲ. ಹಲ್ಲು ಕೀಳಿಸಲು ಸೂಜಿ ಹಾಕಿಸಿಕೊಂಡ ದವಡೆಯ ಹಾಗೆ ಒಳಗೆಲ್ಲ ಮರಗಟ್ಟಿತ್ತು. ಅವ್ವನ ಪಕ್ಕದಲ್ಲಿ ಕೂತು ನಾನೂ ನಾಲ್ಕು ಕಾಯಿ ಸುಲಿದೆ.

ಆಮೇಲೆ ಶಿರಾದಲ್ಲಿ ಪಂದ್ಯ. ಎದುರಾಳಿ ಹುಡುಗಿಯರನ್ನು ಕಾಲನಿಯ ಹುಡುಗಿ ಅಟ್ಟಿಸಿಕೊಂಡು ಹೋಗಿ, ಬೆನ್ನು ತಟ್ಟಿ, ಒಬ್ಬಳಾದ ಮೇಲೆ ಒಬ್ಬಳನ್ನು ಔಟ್ ಮಾಡಿದಳು. ಅವಳ ಮನೆ ಯಾವ ಬೀದಿಯಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಅಂಪೈರು ಸೀಟಿ ಊದಿದರು. ಖೋ ಕೊಡುವಾಗ ಕೈ ತಾಕಿಲ್ಲ, ಫೌಲು. ಹಾಗೆ ನಾಲ್ಕು ಸಲ. ಮೊದಲ ಮೂರು ಸಲವೂ ಕೈ ನಿಂತದ್ದು ಅವಳ ಬೆನ್ನ ಹಿಂದೆ. ನಾಲ್ಕನೆಯ ಸಲ ನಾನು ನೆಲ ನೋಡುತ್ತಿದ್ದೆ, ಯಾರು ತಪ್ಪಿದರೆಂದು ಕಾಣಲಿಲ್ಲ. ಸೋತೆವು.

ಅಂಪೈರು ನನ್ನ ಹತ್ತಿರ ಬಂದು, "ಏನ್ ಮೇಡಂ, ಖೋ ಕೊಡೋದೇ ಕಲ್ಸಿಲ್ವಾ? ಆ ಹುಡ್ಗಿ ಬೆನ್ನಲ್ಲೇನ್ ಮುಳ್ಳೈತಾ?" ಎಂದು ನಕ್ಕರು.

"ಮಕ್ಳು ಗಾಬರಿ ಬಿದ್ಬುಟ್ರು ಸಾರ್" ಎಂದೆ.

ಅವಳು ಪಕ್ಕದಲ್ಲೇ ಕೂತು ಶೂ ಬಿಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

ಸೋಮವಾರ ಅವಳು ಆಟ ಶುರುವಾದ ಮೇಲೆ ಬಂದಳು. ಕ್ಲಬ್ಬಿನ ಜೆರ್ಸಿಯನ್ನು ಒಗೆದು ಮಡಿಸಿ ತಂದಿದ್ದಳು.

"ಅವ್ವ ಇನ್ ಹೋಗ್ಬ್ಯಾಡ ಅಂದ್ಲು ಮಿಸ್. ಇದ್ನ ಕೊಟ್ಬುಟ್ ಬಾ ಅಂದ್ಲು."

ಜೆರ್ಸಿಯನ್ನು ಕಟ್ಟೆಯ ಮೇಲಿಟ್ಟಳು, ನನ್ನ ಕೈಗೆ ಕೊಡಲಿಲ್ಲ.

"ನಿಂಗೇನ್ ಆಸೆ ಐತೆ, ಅದುನ್ನೇಳು" ಎಂದೆ.

ಜೆರ್ಸಿಯ ಮಡಿಕೆ ಸರಿ ಮಾಡುತ್ತ, "ನಂಗೆ ಆಡ್ಬೇಕು ಮಿಸ್" ಅಂದಳು.

ಎಲ್ಲರನ್ನೂ ಕರೆದು ಕೂರಿಸಿದೆ. "ತಪ್ಪು ನಂದು. ಕಣ್ಣಾರೆ ನೋಡ್ಕೊಂಡೂ ಸೀಟಿ ಊದ್ಲಿಲ್ಲ. ಇವತ್ತಿಂದ ಊದ್ತೀನಿ. ಪೂರ್ತಿ ಅಂಗೈ ಬೆನ್ನಿಗೆ ಬೀಳ್ಬೇಕು. ಮನೇಲಿ ಯಾರಾದ್ರೂ ಬೈದ್ರೆ ನನ್ನತ್ರ ಕಳ್ಸಿ. ನಮ್ಮವ್ವನ್ನೂ ಸೇರ್ಸೇ ಹೇಳ್ತಿದೀನಿ." ಮಾತಾಡುತ್ತಿದ್ದುದು ನಾನೇ, ಆದರೆ ದನಿ ಇನ್ನಾರದೋ ಅನ್ನಿಸಿತು. ಅಣ್ಣನ ಮಗಳು ಕಾಲ್ಬೆರಳಿನಲ್ಲಿ ಮಣ್ಣು ಕೆದಕುತ್ತಿದ್ದಳು.

ಹೇಳಿದರೆ ಸಾಲದು, ಮಾಡಿ ತೋರಿಸೋಣವೆಂದು ಸಾಲಿನ ನಡುವಿನ ಚೌಕದಲ್ಲಿ ನಾನೇ ಕೂತೆ. ಜೆರ್ಸಿ ತಂದವಳಿಗೆ ಬೆನ್ನು ಮಾಡಿ, "ಬಾ, ನಂಗ್ ಖೋ ಕೊಡು" ಎಂದೆ.

ಓಡಿ ಬಂದ ಹೆಜ್ಜೆ ನನ್ನ ಹಿಂದೆ ನಿಂತಿತು. "ಖೋ" ಎಂದು ಕೇಳಿಸಿತು. ಬೆನ್ನಿಗೆ ಏನೂ ತಾಕಲಿಲ್ಲ.

ಶಿರಾದ ನಾಲ್ಕನೆಯ ಫೌಲು ಯಾರದೆಂದು ಆಗ ತಿಳಿಯಿತು. ಇಷ್ಟು ತಿಂಗಳು ಸುಮ್ಮನಿದ್ದು ನಾನು ಅವಳಿಗೆ ಕಲಿಸಿದ್ದು ಇದನ್ನೇ.

ಸೀಟಿ ಊದಿದೆ. "ಫೌಲು. ಮುಟ್ಟಬೇಕು."

"ಕೈಯೆಲ್ಲಾ ಮಣ್ಣಾಗೈತೆ ಮಿಸ್. ನಿಮ್ ಬಟ್ಟೆ ಮಾಸ್ತದೆ."

ಒಗೆದ ಜೆರ್ಸಿ ಹಿಡಿದು ಬಂದ ಕೈ ಅದು. ಅದರಲ್ಲಿ ಮಣ್ಣೇನೂ ಇರಲಿಲ್ಲ.

"ಮಾಸ್ಲಿ ಬುಡು" ಎಂದೆ.

ಅವಳು ಅಂಗೈಯನ್ನು ಲಂಗಕ್ಕೆ ಒರೆಸಿಕೊಳ್ಳುವ ಸದ್ದು ಕೇಳಿಸಿತು. ಒಮ್ಮೆ, ಇನ್ನೊಮ್ಮೆ. ಆಮೇಲೆ ನನ್ನ ಬೆನ್ನ ಮೇಲೆ ಎರಡು ಬೆರಳ ತುದಿ ಬಂದು ನಿಂತವು. ಗಾಬರಿಯಲ್ಲಿ ಖೋ ಅನ್ನುವುದನ್ನೇ ಮರೆತಿದ್ದಳು.

ಅದೂ ಫೌಲೇ. ನಾನು ಸೀಟಿ ಊದಲಿಲ್ಲ, ಎದ್ದು ಓಡಿದೆ. ಸಾಲಿನ ತುದಿಯ ಕಂಬ ಸುತ್ತಿ ತಿರುಗಿ ನೋಡಿದರೆ, ನನ್ನ ಚೌಕದಲ್ಲಿ ಅವಳು ಕೂತಿದ್ದಳು.