ಕಲ್ಲೇಶಪ್ಪನ ಜೊತೆ ಸಿನಿಮಾ ನೋಡಬಾರದು

ನಮ್ಮ ಬಸರೀಕಟ್ಟೆಯಲ್ಲೇ ಶೂಟಿಂಗ್ ಆದ ಆ ಪ್ರೇಮಕಥೆಯನ್ನು ಜೀಪ್ ಡ್ರೈವರ್ ಕಲ್ಲೇಶಪ್ಪನ ಮನೆಯ ಟೀವಿಯಲ್ಲಿ ನೋಡಿದರೆ ತಲೆ ಚಿಟ್ಟು ಹಿಡಿಯುತ್ತದೆ. ಗುಡ್ಡ, ಮಂಜು ಕಂಡಾಗ "ಎಂಥ ಚಂದ ತೆಗ್ದಿದಾರೆ ಮಾರಾಯ" ಎನ್ನುತ್ತಾನೆ. ಮರುಕ್ಷಣ ನಾಯಕ ಕಂಡರೆ ಬೈಗುಳ ಶುರು. "ಇವ್ನು ತೋಟದ ಸಾಹುಕಾರನಂತೆ! ಜಿಗಣೆ ಕಂಡ್ರೆ ಅಳೋ ಮುಖ. ಕಮ್ಮರಡೀಲಿ ಜೀಪ್ ಹತ್ತಿದ ಹುಡುಗಿ ಒಂದೇ ತಿರುವಿಗೆ ಶೃಂಗೇರೀಲಿ ಇಳೀತಾಳೆ, ಅದೇನು ವಿಮಾನನಾ?" ನಮಗೆ ಒಂದು ಸಂಭಾಷಣೆಯೂ ಕೇಳಿಸುವುದಿಲ್ಲ. ನಾಯಕಿ ಕಾಫಿ ಕುಯ್ಯುವಾಗ ಮಾತ್ರ ಅವನ ಬಾಯಿ ಮುಚ್ಚುತ್ತದೆ. ಶೂಟಿಂಗ್ ವೇಳೆ ಆಕೆ ಹಣ್ಣಿನ ಜೊತೆ ಹಸಿರು ಕಾಯಿಯನ್ನೂ ಕಿತ್ತು ಹಾಕುತ್ತಿದ್ದಳಂತೆ. ಹಾಗಾಗಿ ಹತ್ತಿರದಿಂದ ತೋರಿಸುವ ಕೈ ಅವಳದಲ್ಲ, ಕಳೆದ ವರ್ಷ ತೀರಿಕೊಂಡ ಕಲ್ಲೇಶಪ್ಪನ ಹೆಂಡತಿ ವೀರಬಸಮ್ಮನದು. ಆ ಕೈ ಹಣ್ಣನ್ನಷ್ಟೇ ಆರಿಸಿ ಬಿಡಿಸುತ್ತದೆ. "ಇಡೀ ಸಿನಿಮಾದಲ್ಲಿ ಸರಿಯಾಗಿ ಮಾಡಿದ್ದು ಇವ್ಳೊಬ್ಳೇ" ಎನ್ನುತ್ತಾನೆ, ಮೆತ್ತಗೆ.