ಓಂಕಾರಪ್ಪನ ಬೆನ್ನಿನ ಮಣ್ಣು

ಟೇಕ್ವಾಂಡೊ ಕಲಿಯಲು ಹೊಸದಾಗಿ ಬರುವವರಿಗೆ ಓದಲು ಕೊಡುತ್ತೇನೆ, ನಾಲ್ಕು ಮಾತು ಬರೆದುಕೊಡು ಎಂದು ಓಂಕಾರಪ್ಪ ನನ್ನ ಬೆನ್ನು ಹತ್ತಿ ಮೂರು ತಿಂಗಳಾಯಿತು. ಎಸ್ಸೆಸ್ಸೆಲ್ಸಿಗೆ ಎರಡು ಸಲ ಕೂತ ನಾನೇ ಅವನ ಕಣ್ಣಿಗೆ ಬಿದ್ದ ದೊಡ್ಡ ಸಾಹಿತಿ. ಸರಿ, ಬರೆಯುತ್ತೇನೆ. ಆದರೆ ‘ಇದು ಶಿಸ್ತಿನ ವಿದ್ಯೆ, ಇದರಿಂದ ಆರೋಗ್ಯ ಹೆಚ್ಚುತ್ತದೆ’ ಎಂದು ಅವನು ಹೇಳಿಕೊಟ್ಟದ್ದನ್ನು ಬರೆಯುವುದು ನನ್ನಿಂದಾಗದು. ನಮ್ಮ ಗರಡಿಯಲ್ಲಿ ಈ ಟೇಕ್ವಾಂಡೊ ಶುರುವಾದದ್ದು ಹೇಗೆಂದು ಹೇಳಬೇಕಾದರೆ ಓಂಕಾರಪ್ಪನ ಕಥೆ ಹೇಳಬೇಕು. ಅವನ ಕಥೆ ಹೇಳಬೇಕಾದರೆ ನನ್ನ ಹೊಟ್ಟೆಕಿಚ್ಚಿನ ಕಥೆಯನ್ನೂ ಹೇಳಬೇಕು. ಈಗ ೧೯೮೮. ನನಗೆ ಮೂವತ್ತು ದಾಟಿದೆ, ಹೊನ್ನಾಳಿಯ ಹೊಳೆದಂಡೆಯಲ್ಲಿ ಮೂರು ಎಕರೆ ಭತ್ತದ ಗದ್ದೆ ಇದೆ, ಹೆಸರು ಅಂಜಿನಪ್ಪ. ಮುಚ್ಚಿಡುವಂಥದ್ದು ಏನೂ ಉಳಿದಿಲ್ಲ.

ಓಂಕಾರಪ್ಪನೂ ನಾನೂ ಗರಡಿಗೆ ಸೇರಿದ್ದು ಒಂದೇ ದಿನ, ೧೯೭೦ರಲ್ಲಿ. ಇಬ್ಬರಿಗೂ ಹನ್ನೆರಡು ವರ್ಷ. ಅವನದು ಗೋವಿನಕೋವಿಯ ಕಡೆಯ ಮನೆತನ. ಅಪ್ಪ ತೀರಿಕೊಂಡ ಮೇಲೆ ತಾಯಿ ಕೊಟ್ರಮ್ಮ ಹೊನ್ನಾಳಿಗೆ ಬಂದು ಹೊಲಿಗೆ ಮಿಷನ್ ಇಟ್ಟುಕೊಂಡಿದ್ದರು. ಹುಡುಗ ಕಡ್ಡಿಯ ಹಾಗಿದ್ದ. ಗರಡಿಯ ಉಸ್ತಾದ್ ದಾಸಪ್ಪನವರು ಅವನ ತೋಳು ಹಿಡಿದು ನೋಡಿ, ‘ಇವ್ನಿಗೆ ಮೊದ್ಲು ಉಣ್ಣಾಕೆ ಕಲ್ಸಿ’ ಎಂದು ನಕ್ಕಿದ್ದರು. ನನ್ನ ತೋಳು ಹಿಡಿದಾಗ ನಗಲಿಲ್ಲ. ಅವತ್ತೇ ನನಗೆ ತಲೆ ತಿರುಗಿತು ಎಂದು ಕಾಣುತ್ತದೆ.

ನಮ್ಮ ಗರಡಿಯಲ್ಲಿ ಒಂದು ಕಟ್ಟಳೆ ಇದೆ. ಕುಸ್ತಿಯಲ್ಲಿ ಗೆದ್ದವನು ಸೋತವನನ್ನು ಕೈಹಿಡಿದು ಎಬ್ಬಿಸಬೇಕು, ಅವನ ಬೆನ್ನಿಗೆ ಮೆತ್ತಿದ ಮಣ್ಣನ್ನು ತನ್ನ ಕೈಯಿಂದಲೇ ಒರೆಸಬೇಕು. ಒರೆಸಿದ ಮೇಲೆಯೇ ಅವನು ಗೆದ್ದ ಹಾಗೆ. ಬೇರೆ ಊರಿನ ಗರಡಿಗಳಲ್ಲಿ ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ಇಲ್ಲಿ ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡಿದ ಕೆಂಪು ಮಣ್ಣು ಬೆವರಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಒರೆಸಲು ಎರಡು ನಿಮಿಷವಾದರೂ ಬೇಕು. ಆ ಎರಡು ನಿಮಿಷ ಸೋತವನು ತಲೆ ತಗ್ಗಿಸಿ ನಿಂತಿರಬೇಕು.

ಒಂಬತ್ತು ವರ್ಷ ನಾನು ಓಂಕಾರಪ್ಪನ ಬೆನ್ನು ಒರೆಸಿದೆ. ಆ ಬೆನ್ನಿನ ಮೇಲೆ ಎಡಗಡೆ ಎರಡು ಮಚ್ಚೆ ಇವೆ, ಬೆನ್ನುಮೂಳೆಯ ಒಂದು ಗಂಟು ಸ್ವಲ್ಪ ಉಬ್ಬಿದೆ, ಇದೆಲ್ಲ ಅವನ ತಾಯಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು. ಅವನು ಒಂದು ಸಲವೂ ನನ್ನ ಬೆನ್ನು ಒರೆಸಲಿಲ್ಲ. ಪ್ರತಿ ಸಲ ಒರೆಸುವಾಗ, ‘ಯಾಕಲೇ ಬರ್ತೀಯ ದಿನಾ ಬೀಳಾಕೆ?’ ಎಂದು ನಾನು ಕೆಣಕುತ್ತಿದ್ದೆ. ಮಾರನೆಯ ದಿನ ಅವನು ಮತ್ತೆ ಬರುತ್ತಿದ್ದ. ೧೯೭೯ರಲ್ಲಿ ಶಿವಮೊಗ್ಗದ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿತು ಎಂದು ಊರು ಬಿಟ್ಟು ಹೋದ. ಗರಡಿಯಲ್ಲಿ ಬೀಳಿಸಲು ಬೇರೆಯವರಿದ್ದರು, ನಾನು ಅವನನ್ನು ಮರೆತೆ.

ನಾಲ್ಕು ವರ್ಷ ಕಳೆದು ತಿರುಗಿ ಬಂದ. ತಾಯಿಗೆ ವಯಸ್ಸಾಗಿದೆ, ಇನ್ನು ಇಲ್ಲೇ ಇರುತ್ತೇನೆ ಎಂದ. ಅದೇ ಕಡ್ಡಿ ಮೈ, ಆದರೆ ನಡಿಗೆ ಬೇರೆಯಾಗಿತ್ತು. ಶಿವಮೊಗ್ಗದಲ್ಲಿ ಹಗಲೆಲ್ಲ ಬಟ್ಟೆ ಅಳೆದು, ಸಂಜೆ ಯಾರೋ ಮೇಷ್ಟರ ಹತ್ತಿರ ಟೇಕ್ವಾಂಡೊ ಕಲಿತಿದ್ದನಂತೆ. ಅದು ಕೊರಿಯಾ ದೇಶದ ವಿದ್ಯೆ, ಕೈಗಿಂತ ಕಾಲಿನದೇ ಹೆಚ್ಚು ಎಂದು ಎಲ್ಲರಿಗೂ ಹೇಳುತ್ತಿದ್ದ. ಬಿಳಿ ಅಂಗಿ, ಬಿಳಿ ಪೈಜಾಮ, ಸೊಂಟಕ್ಕೊಂದು ಕಪ್ಪು ಪಟ್ಟಿ. ಆಸ್ಪತ್ರೆಯ ಕಾಂಪೌಂಡರ್ ದಾರಿ ತಪ್ಪಿ ಗರಡಿಗೆ ಬಂದ ಎಂದು ನಾನು ನಗಾಡಿದೆ. ಯಾರೂ ನಗಲಿಲ್ಲ. ಎಲ್ಲರೂ ಅವನು ಎಗರಿ ಗರಡಿಯ ಬಾಗಿಲ ಮೇಲಿನ ತೋರಣಕ್ಕೆ ಪಾದ ತಾಗಿಸಿದ್ದನ್ನೇ ಬಾಯಿ ಬಿಟ್ಟು ನೋಡುತ್ತಿದ್ದರು.

ತಡೆಯಲಾಗದ್ದು ಅದಲ್ಲ. ಉಸ್ತಾದರೂ ನೋಡುತ್ತಿದ್ದರು. ಹದಿಮೂರು ವರ್ಷದಲ್ಲಿ ನನಗೆ ‘ಪರ್ವಾಗಿಲ್ಲ’ ಎಂದು ಎರಡು ಸಲ ಹೇಳಿದ್ದವರು, ಅವನ ಮೊಣಕಾಲು ಮುಟ್ಟಿ, ‘ಕಾಲು ಭಾಳ ಚೆಂದ ಸಾಧಿಸೀಯ ಕಣೋ. ಅಂಗಳ ಖಾಲಿ ಐತೆ, ಇಲ್ಲೇ ನಾಕು ಮಂದಿಗೆ ಕಲ್ಸು’ ಎಂದುಬಿಟ್ಟರು. ಉಸ್ತಾದರಿಗೆ ಮಂಡಿನೋವು ಜೋರಾಗಿತ್ತು, ಮುಂದಿನ ಯುಗಾದಿಯೊಳಗೆ ಗರಡಿಯ ಬೀಗದ ಕೈ ಯಾರಿಗಾದರೂ ಒಪ್ಪಿಸುತ್ತೇನೆ ಎನ್ನುತ್ತಿದ್ದರು. ಆ ಯಾರಿಗಾದರೂ ಎಂದರೆ ನಾನೇ ಎಂದು ಇಡೀ ಹೊನ್ನಾಳಿಗೆ ಗೊತ್ತಿತ್ತು. ಅವತ್ತಿನಿಂದ ನನಗೆ ಅನುಮಾನ ಹತ್ತಿತು. ಮನೆಗೆ ಬಂದು ತಟ್ಟೆ ತಳ್ಳಿದೆ. ನನ್ನ ಹೆಂಡತಿ ಸಾವಂತ್ರಮ್ಮ, ‘ಯಾರೋ ಕಾಲು ಎತ್ತಿದ್ರೆ ನೀವ್ಯಾಕ್ರೀ ಊಟ ಬಿಡ್ತೀರಿ?’ ಎಂದಳು.

ಒಂದು ತಿಂಗಳೊಳಗೆ ಗರಡಿಯ ಅರ್ಧ ಜನ ಮಣ್ಣು ಬಿಟ್ಟು ಅಂಗಳಕ್ಕೆ ಹೋದರು. ಹೆಣ್ಣುಮಕ್ಕಳೂ ಬಂದರು. ನ್ಯಾಮತಿಯಿಂದ, ಸವಳಂಗದಿಂದ ಬೆಳಗಿನ ಬಸ್ಸಿಗೆ ಬರುವವರಾದರು. ನಾನೂ ಸೇರಿದೆ. ಕಲಿಯಲು ಅಲ್ಲ, ಅದನ್ನೂ ಎರಡೇ ತಿಂಗಳಲ್ಲಿ ಅವನಿಗಿಂತ ಚೆನ್ನಾಗಿ ಮಾಡಿ, ಉಸ್ತಾದರ ಎದುರಿಗೆ ಅವನನ್ನು ಬೀಳಿಸಲು.

ಹೊಸಬರು ಇದೊಂದನ್ನು ಗಮನವಿಟ್ಟು ಓದಿ. ಸೇರಿದ ಮೊದಲ ದಿನ ನಿಮಗೆ ಒದೆಯಲು ಹೇಳಿಕೊಡುವುದಿಲ್ಲ. ನಿಲ್ಲಲು ಹೇಳಿಕೊಡುತ್ತಾರೆ. ಅಂಗಳಕ್ಕೆ ಕಾಲಿಡುವ ಮೊದಲು ಬಗ್ಗಿ ನಮಸ್ಕಾರ ಮಾಡಬೇಕು. ಉಗುರು ಕತ್ತರಿಸಿರಬೇಕು, ಕೈಗಡಿಯಾರ, ಸರ, ಬಳೆ ಯಾವುದೂ ಇರಕೂಡದು, ಹೊಟ್ಟೆ ತುಂಬ ತಿಂದು ಬರಬಾರದು. ಬಿಳಿ ಪಟ್ಟಿಯನ್ನು ಸೊಂಟಕ್ಕೆ ಎರಡು ಸುತ್ತು ಸುತ್ತಿ ಮುಂದೆ ಗಂಟು ಹಾಕಬೇಕು, ಎರಡು ತುದಿಯೂ ಸಮ ಇರಬೇಕು. ನನ್ನ ಸೊಂಟಕ್ಕೆ ಪಟ್ಟಿ ಸಾಲದೆ ಕೊಟ್ರಮ್ಮ ಒಂದು ಗೇಣು ಬಟ್ಟೆ ಜೋಡಿಸಿ ಹೊಲಿದರು. ನಿಂತ ಜಾಗ ಎಲ್ಲಿ ಗೊತ್ತೇ? ಕೊನೆಯ ಸಾಲು. ನನ್ನ ಮುಂದೆ ಹತ್ತು ವರ್ಷದ ಪುಟಾಣಿಗಳು, ಅವರೆಲ್ಲ ನನಗಿಂತ ಒಂದು ವಾರ ಮೊದಲು ಸೇರಿದವರು. ಕುದುರೆ ಮೇಲೆ ಕೂತವರ ಹಾಗೆ ಮಂಡಿ ಬಗ್ಗಿಸಿ ನಿಂತು, ಕೊರಿಯಾದವರ ಲೆಕ್ಕದಲ್ಲಿ ‘ಹನಾ, ದುಲ್, ಸೆತ್’ ಎಂದು ಎಣಿಸುತ್ತಾ ಗಾಳಿಗೆ ಗುದ್ದಬೇಕು. ಓಂಕಾರಪ್ಪ ಹತ್ತಿರ ಬಂದು ನನ್ನ ಮೊಣಕೈ ಸರಿಪಡಿಸುತ್ತಿದ್ದ. ಅವನ ಬೆರಳು ತಾಗಿದಾಗಲೆಲ್ಲ ಮೈ ಉರಿಯುತ್ತಿತ್ತು.

ಒದೆತವೂ ಸುಲಭವಲ್ಲ. ಮೊದಲು ಮಂಡಿ ಎತ್ತಬೇಕು, ಆಮೇಲೆ ಕಾಲು ಚಾಚಬೇಕು, ಚಾಚಿದಷ್ಟೇ ಬೇಗ ಹಿಂದಕ್ಕೆ ಎಳೆದುಕೊಳ್ಳಬೇಕು. ಕುಸ್ತಿಯವನಿಗೆ ಎರಡೂ ಪಾದ ನೆಲದಲ್ಲಿ ಊರಿಯೇ ಅಭ್ಯಾಸ. ಇಲ್ಲಿ ಒಂದು ಪಾದ ಯಾವಾಗಲೂ ಮೇಲೆ. ನಾನು ಎತ್ತಿದ ಕಾಲು ಸೊಂಟದ ಮಟ್ಟಕ್ಕೂ ಬರುತ್ತಿರಲಿಲ್ಲ, ಊರಿದ ಕಾಲು ನಡುಗುತ್ತಿತ್ತು. ಎರಡು ತಿಂಗಳಲ್ಲ, ಆರು ತಿಂಗಳಾಯಿತು. ನನ್ನ ಆಮೇಲೆ ಸೇರಿದ ಪುಟಾಣಿಗಳೂ ನನ್ನನ್ನು ದಾಟಿ ಮುಂದಿನ ಸಾಲಿಗೆ ಹೋದವು.

೧೯೮೪ರ ಡಿಸೆಂಬರಿನಲ್ಲಿ ಬಿಳಿ ಪಟ್ಟಿಯ ಮೇಲಿನ ಮೆಟ್ಟಿಲಾದ ಹಳದಿ ಪಟ್ಟಿಗೆ ಪರೀಕ್ಷೆ ಇಟ್ಟರು. ಶಿವಮೊಗ್ಗದಿಂದ ಅವನ ಮೇಷ್ಟರು ಬಂದು ಕುರ್ಚಿ ಹಾಕಿಕೊಂಡು ಕೂತರು, ಪಕ್ಕದಲ್ಲಿ ಉಸ್ತಾದರು. ಅಂಗಳದ ಸುತ್ತ ಜನವೋ ಜನ. ಕೊನೆಗೆ ನನ್ನ ಸರದಿ. ನನ್ನ ಗಾತ್ರಕ್ಕೆ ಜೋಡಿ ಯಾರೂ ಇಲ್ಲವೆಂದು ಓಂಕಾರಪ್ಪನೇ ಎದುರು ನಿಂತ. ನಿಯಮ ನನಗೆ ಚೆನ್ನಾಗಿ ಗೊತ್ತಿತ್ತು, ಅವನೇ ನೂರು ಸಲ ಹೇಳಿದ್ದ: ಹಿಡಿಯಬಾರದು, ಎಳೆಯಬಾರದು, ಸೊಂಟದ ಕೆಳಗೆ ಹೊಡೆಯಬಾರದು. ಅವನ ಒಂದು ಒದೆತ ಎದೆಗೆ ಬಿತ್ತು. ಜನ ‘ಓಹೋ’ ಎಂದರು. ಉಸ್ತಾದರು ತಲೆದೂಗಿದ್ದು ಕಣ್ಣಿಗೆ ಬಿತ್ತು. ಎರಡನೇ ಸಲ ಅವನ ಕಾಲು ಬಂದಾಗ ನನ್ನ ಕೈಗಳು ತಾವಾಗಿಯೇ ಬಿಚ್ಚಿಕೊಂಡವು. ಕಾಲು ಹಿಡಿದೆ, ಒಳಗೆ ನುಗ್ಗಿದೆ, ಎತ್ತಿ ಚಿತ್ ಹಾಕಿದೆ. ಎದೆಯ ಮೇಲೆ ಮಂಡಿ ಊರಿ ಎದ್ದು ಎರಡೂ ಕೈ ಮೇಲೆತ್ತಿದೆ.

ಹೊನ್ನಾಳಿಯ ಜನಕ್ಕೆ ಕುಸ್ತಿ ಬಿಟ್ಟು ಬೇರೇನು ಗೊತ್ತು? ಶಿಳ್ಳೆ ಹೊಡೆದರು, ಟವೆಲ್ ಬೀಸಿದರು. ನಾನು ತೊಡೆ ತಟ್ಟಿಕೊಂಡು ಅಂಗಳ ಸುತ್ತಿದೆ. ಓಂಕಾರಪ್ಪ ಭುಜ ಹಿಡಿದುಕೊಂಡು ಬಿದ್ದೇ ಇದ್ದ. ನಾನು ತಿರುಗಿಯೂ ನೋಡಲಿಲ್ಲ.

ಆಗ ಉಸ್ತಾದರು ಕುರ್ಚಿಯಿಂದ ಎದ್ದರು. ಆ ಮಂಡಿಯಲ್ಲಿ ಎದ್ದು ನಡೆದದ್ದೇ ದೊಡ್ಡದು. ಓಂಕಾರಪ್ಪನ ಒಂದು ಕೈ ಹಿಡಿದು ಎಬ್ಬಿಸಿ, ಆ ಬಿಳಿ ಅಂಗಿಯ ಬೆನ್ನಿಗೆ ಮೆತ್ತಿದ್ದ ಮಣ್ಣನ್ನು ತಾವೇ ಒರೆಸತೊಡಗಿದರು. ಶಿಳ್ಳೆ ನಿಂತಿತು. ಒರೆಸಿ ಮುಗಿಸಿ ನನ್ನ ಕಡೆ ತಿರುಗಿದರು. ‘ಹಿಡಿಬಾರ್ದು ಅಂದದ್ದನ್ನ ಹಿಡ್ದೆ, ಅದು ಅವ್ರ ಲೆಕ್ಕ, ನಂಗೆ ಗೊತ್ತಿಲ್ಲ. ಆದ್ರೆ ಬೆನ್ನು ಒರೆಸ್ದೆ ಕೈ ಎತ್ತಿದವ್ನು ನನ್ನ ಗರಡ್ಯಾಗೆ ನೀನೇ ಮೊದ್ಲು ಅಂಜಿನಪ್ಪ’ ಎಂದರು. ಹದಿನಾಲ್ಕು ವರ್ಷದಲ್ಲಿ ಅವರು ನನ್ನನ್ನು ‘ಅಂಜಿನಿ’ ಎನ್ನದೆ ಪೂರ್ತಿ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಓಂಕಾರಪ್ಪನ ಭುಜದ ಎಲುಬು ಬಿರುಕು ಬಿಟ್ಟಿತ್ತು. ಆರು ವಾರ ಕೈ ಕಟ್ಟಿಕೊಂಡು ಓಡಾಡಿದ.

ಯುಗಾದಿಯ ದಿನ ಬೀಗದ ಕೈ ಅವನ ಕೈ ಸೇರಿತು. ಒಂಬತ್ತು ವರ್ಷ ಒಂದೂ ಕುಸ್ತಿ ಗೆಲ್ಲದವನಿಗೆ ಗರಡಿ! ಅವತ್ತು ನಾನು ಹೋಳಿಗೆ ಮುಟ್ಟಲಿಲ್ಲ. ‘ಹೋಳಿಗೆ ಏನ್ರೀ ಮಾಡೈತೆ ನಿಮ್ಗೆ?’ ಎಂದಳು ಸಾವಂತ್ರಮ್ಮ. ನಾನು ತಪ್ಪು ಮಾಡಿದ್ದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಹೊಟ್ಟೆ ಉರಿಯುವುದು ನಿಲ್ಲಲಿಲ್ಲ. ಗರಡಿ ಇರುವ ಬೀದಿಯನ್ನೇ ಬಿಟ್ಟು ಸುತ್ತು ಹಾಕಿಕೊಂಡು ಗದ್ದೆಗೆ ಹೋಗುತ್ತಿದ್ದೆ.

ಒಂದು ಬೆಳಿಗ್ಗೆ ಓಂಕಾರಪ್ಪ ಸೈಕಲ್ ತುಳಿದುಕೊಂಡು ಗದ್ದೆಗೇ ಬಂದ. ನಾನು ನೀರು ಕಟ್ಟುತ್ತಿದ್ದೆ. ಬದುವಿನ ಮೇಲೆ ನಿಂತು, ‘ಅವತ್ತು ಅಂಗಳದಾಗೆ ಬಿಟ್ಟು ಹೋದ ನಿನ್ನ ಬಿಳಿ ಪಟ್ಟಿ ನಮ್ಮನೇಲೇ ಐತೆ. ಅವ್ವ ತೊಳ್ದು ಇಟ್ಟಾಳೆ’ ಎಂದ.

‘ನೀನೇ ಇಟ್ಕೋ. ಬೀಗದ ಕೈ ಇಟ್ಕೊಂಡಂಗೆ.’

‘ನಿನ್ ಪರೀಕ್ಷೆ ಬಾಕಿ ಐತಲ್ಲ’ ಎಂದ, ಸೈಕಲ್ ಹತ್ತಿ ಹೋದ.

ಬೈದಿದ್ದರೆ ನಾನು ಹೋಗುತ್ತಿರಲಿಲ್ಲ. ಮೂರು ದಿನ ತಡೆದೆ. ಅಲ್ಲಿ ಅವನು ಏನು ಹೇಳಿಕೊಡುತ್ತಿದ್ದಾನೋ, ಉಸ್ತಾದರು ಅವನಿಗೆ ಏನು ಹೇಳಿ ಮೆಚ್ಚುತ್ತಿದ್ದಾರೋ ಎಂದು ನೆನೆಸಿಕೊಂಡೇ ಮೈಯೆಲ್ಲ ಬಿಸಿಯಾಗುತ್ತಿತ್ತು. ನಾಲ್ಕನೇ ದಿನ ಹೋಗಿ ಕೊನೆಯ ಸಾಲಿನಲ್ಲಿ ನಿಂತೆ. ಓಂಕಾರಪ್ಪ ಬಂದು ನನ್ನ ಮೊಣಕೈ ಸರಿಪಡಿಸಿ ಮುಂದೆ ಹೋದ. ಉಸ್ತಾದರು ಕಟ್ಟೆಯ ಮೇಲೆ ಕೂತಿದ್ದರು, ನನ್ನನ್ನು ಮಾತಾಡಿಸಲಿಲ್ಲ.

ಆಮೇಲೆ ಎಂಟು ತಿಂಗಳು ನಿಜವಾಗಿ ಕಲಿತೆ. ಗದ್ದೆಯ ಬದುವಿನ ಮೇಲೆ ಒಂಟಿ ಕಾಲಲ್ಲಿ ನಿಂತು ಮಂಡಿ ಎತ್ತುವುದನ್ನು ಕಲಿತೆ. ನಾಟಿಗೆ ಬಂದ ಹೆಂಗಸರು, ‘ಅಂಜಿನಪ್ಪಂಗೆ ಏನೋ ಆಗೈತೆ’ ಎಂದು ಮುಸಿ ಮುಸಿ ನಕ್ಕರು. ಎಲ್ಲಕ್ಕಿಂತ ಕಷ್ಟವಾದದ್ದು ಕೈಗೆ ಹಿಡಿಯಬೇಡ ಎಂದು ಕಲಿಸುವುದು. ಎದುರಿನವನ ಕಾಲು ಹತ್ತಿರ ಬಂದಾಗಲೆಲ್ಲ ನನ್ನ ಬೆರಳು ಬಿಚ್ಚಿಕೊಳ್ಳುತ್ತಿದ್ದವು. ಓಂಕಾರಪ್ಪ ಎರಡು ಮುಷ್ಟಿಯಲ್ಲೂ ಒಂದೊಂದು ಅಡಿಕೆ ಇಟ್ಟುಕೊಂಡು ಅಭ್ಯಾಸ ಮಾಡಲು ಹೇಳಿದ. ಅಡಿಕೆ ಕೆಳಗೆ ಬಿದ್ದರೆ ಐವತ್ತು ಬಸ್ಕಿ. ಮೊದಲ ವಾರ ನಾನು ಒದ್ದದ್ದಕ್ಕಿಂತ ಬಸ್ಕಿ ಹೊಡೆದದ್ದೇ ಹೆಚ್ಚು.

ಮುಂದಿನ ಪರೀಕ್ಷೆಗೂ ಶಿವಮೊಗ್ಗದ ಮೇಷ್ಟರು ಬಂದರು, ಉಸ್ತಾದರು ಬಂದರು, ಹೋದ ಸಲ ಶಿಳ್ಳೆ ಹೊಡೆದ ಜನವೂ ಬಂದರು. ಮತ್ತೆ ಓಂಕಾರಪ್ಪನೇ ಎದುರು. ಇಬ್ಬರ ಎದೆಗೂ ಕೊಟ್ರಮ್ಮ ಹತ್ತಿ ತುಂಬಿ ಹೊಲಿದ ಗವುಸು. ಈ ಸಲ ನಾನೂ ಎರಡು ಒದೆತ ಮುಟ್ಟಿಸಿದೆ. ಮೂರನೆಯದಕ್ಕೆ ಮಂಡಿ ಎತ್ತುವ ಮೊದಲೇ ಅವನ ಕಾಲು ಬಲಗಡೆಯಿಂದ ಸುತ್ತಿ ಬಂತು. ನಿಧಾನವಾಗಿ ಬಂದ ಹಾಗೆ ಕಂಡಿತು. ಹಿಡಿಯಬಹುದಿತ್ತು. ಹಿಡಿದಿದ್ದರೆ ಅವನು ಮತ್ತೆ ಮಣ್ಣಿನ ಮೇಲೆ ಇರುತ್ತಿದ್ದ. ಬೆರಳು ಬಿಚ್ಚಿಕೊಂಡದ್ದು ನನಗೇ ತಿಳಿಯಿತು. ಇಲ್ಲದ ಅಡಿಕೆಯನ್ನು ಬಿಗಿಯಾಗಿ ಹಿಡಿದೆ. ಒದೆತ ಪಕ್ಕೆಗೆ ಕೂತಿತು, ನಾನು ಅಂಗಾತ ಬಿದ್ದೆ. ನನ್ನ ಬೆನ್ನು ಆ ಅಂಗಳದ ನೆಲ ಮುಟ್ಟಿದ್ದು ಅದೇ ಮೊದಲು.

ಮೇಷ್ಟರು ಏನೋ ಬರೆದುಕೊಂಡರು. ಹಳದಿ ಪಟ್ಟಿ ನನಗೆ ಸಿಕ್ಕಿತು ಎಂದು ಆಮೇಲೆ ತಿಳಿಯಿತು. ಓಂಕಾರಪ್ಪ ಬಂದು ಕೈ ಚಾಚಿದ. ಎದ್ದೆ. ಅವನು ನನ್ನ ಹಿಂದೆ ಬಂದು ಬೆನ್ನು ಒರೆಸತೊಡಗಿದ. ಬಟ್ಟೆ ಅಂಗಡಿಯಲ್ಲಿ ಸುಕ್ಕು ತೆಗೆಯುವವರ ಹಾಗೆ ಮೇಲಿನಿಂದ ಕೆಳಗೆ, ಒಂದೇ ಸಮನೆ. ಎರಡು ನಿಮಿಷ ಕಳೆಯಿತು. ಕಟ್ಟೆಯ ಮೇಲಿಂದ ಉಸ್ತಾದರು, ‘ಸಾಕು ಬಿಡಪ್ಪ, ಅಂಗಿ ಹರಿದೀತು. ಅಂಜಿನಿ, ನೀರು ಕುಡಿ ಬಾರೋ’ ಎಂದರು. ಅಂಜಿನಿ ಎಂದರು.

ಓಂಕಾರಪ್ಪ ಬಿಡಲಿಲ್ಲ. ‘ಮಣ್ಣು ಹೋತಲ್ಲೋ’ ಎಂದೆ.

‘ಸುಮ್ನೆ ನಿಂದ್ರು’ ಎಂದ ನನಗಷ್ಟೇ ಕೇಳುವ ಹಾಗೆ. ‘ಒಂಬತ್ತು ವರ್ಷ ನೀನು ಒರೆಸ್ವಾಗ ನನ್ನ ಹೊಟ್ಯಾಗೆ ಏನ್ ಬೆಂಕಿ ಬೀಳ್ತಿತ್ತು ಅಂತ ನಿಂಗೇನ್ ಗೊತ್ತು? ಶಿವಮೊಗ್ಗಕ್ಕೆ ನಾನು ಬಟ್ಟೆ ಅಳಿಯಾಕೆ ಹೋದ್ನೇನೋ? ಒಂದೇ ಒಂದ್ ಸಲ ನಿನ್ನ ಬೆನ್ನು ಒರೆಸ್ಬೇಕು ಅಂತ ಹೋದೆ.’

ಬೆನ್ನು ಸ್ವಚ್ಛವಾಗಿ ಬಹಳ ಹೊತ್ತಾಗಿತ್ತು. ಅವನು ಒರೆಸುತ್ತಲೇ ಇದ್ದ. ನಾನು ತಲೆ ತಗ್ಗಿಸಿ ನಿಂತೇ ಇದ್ದೆ.